ಲೋಹಗರ್ಭದ ಜಲಜನಕ ಮತ್ತು ನಾಳಿನ ವಾಹನ: ಒಂದು ವಿವೇಚನೆ

ನೀರನ್ನೇ ಇಂಧನವಾಗಿಸಿ ವಾಹನವನ್ನು ಓಡಿಸಬೇಕೆಂಬ ಆಸೆ ಮನುಷ್ಯನನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಇತ್ತೀಚಿನ ವರುಷಗಳಲ್ಲಿ ಆ ಆಸೆ ವಿಜ್ಞಾನದ ಗೌರವಾರ್ಹವಾದ ಉಡುಪನ್ನು ತೊಟ್ಟು ನಮ್ಮೆದುರು ನಿಂತಿದೆ. ಲೋಹದ ಬಿಲ್ಲೆಯೊಂದನ್ನೋ, ಲೋಹದಿಂದ ತಯಾರಾದ ಲೇಹ್ಯದಂತಹ ಪದಾರ್ಥವನ್ನೋ ಗಾಡಿಯಲ್ಲಿಟ್ಟು ಅದಕ್ಕೆ ನೀರು ಬೆರೆಸಿದರೆ ಜಲಜನಕ ಹುಟ್ಟುತ್ತದೆ. ಆ ಜಲಜನಕದಿಂದ ವಿದ್ಯುತ್ತು, ವಿದ್ಯುತ್ತಿನಿಂದ ಗತಿ. ಹೊರಬೀಳುವುದು ಕೇವಲ ನೀರಾವಿ. ಇಂತಹ ಸುದ್ದಿಗಳನ್ನು ಓದಿದ ವಿದ್ಯಾರ್ಥಿಗಳು ತರಗತಿಯಲ್ಲಿ ಪ್ರಶ್ನೆ ಕೇಳುತ್ತಾರೆ. ಉದ್ಯಮರಂಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಇದರಲ್ಲಿ ಹಣ ಹೂಡಬಹುದೇ ಎಂದು ಯೋಚಿಸುತ್ತಾರೆ. ಶಾಲೆಗೆ ಉದಾರವಾಗಿ ನೆರವಾಗುವ ದಾನಿಗಳು ಇಂತಹ ನವೀನ ಪ್ರಯೋಗಕ್ಕೆ ತಾವೂ ಕೈಜೋಡಿಸಬಾರದೇಕೆ ಎಂದು ಭಾವಿಸಿದರೆ ಅದು ಸಹಜವೇ. ಆದ್ದರಿಂದ ಈ ವಿಷಯವನ್ನು ಇಂತಹ ಸಂಚಿಕೆಯಲ್ಲಿ ಸಾವಧಾನವಾಗಿ ವಿವೇಚಿಸುವುದು ಅಪ್ರಸ್ತುತವಾಗಲಾರದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಲೋಹವು ಜಲಜನಕವನ್ನು ಹೊರುವ ಪಾತ್ರೆಯಾಗಬಲ್ಲುದು, ಶಕ್ತಿಯ ಆಕರವಾಗಲಾರದು. ಪಾತ್ರೆಯ ಯೋಗ್ಯತೆಯನ್ನು ಅಳೆಯಬೇಕಾದುದು ಅದು ಬರಿದಾದ ಮೇಲೆ ಮತ್ತೆ ತುಂಬಿಕೊಂಡು ಬರುವ ದಾರಿಯನ್ನು ನೋಡಿ.

ಮೊದಲಿಗೆ, ಜಲಜನಕದ ಮೇಲೆ ಇಷ್ಟು ಮೋಹವೇಕೆ, ಅದನ್ನು ಲೋಹದೊಳಗೆ ಇರಿಸುವ ಪ್ರಯಾಸವೇಕೆ ಎಂಬುದನ್ನು ನೋಡೋಣ. ಒಂದು ಕಿಲೋಗ್ರಾಂ ಜಲಜನಕದಲ್ಲಿ ಸುಮಾರು ೩೩ ಯೂನಿಟ್ ಶಕ್ತಿಯಿದೆ. ಅದೇ ತೂಕದ ಪೆಟ್ರೋಲಿನಲ್ಲಿರುವುದು ಸುಮಾರು ೧೨ ಯೂನಿಟ್. ಇಂಧನ ಕೋಶದ ಮೂಲಕ ಬಳಸಿದರೆ ಒಂದು ಕಿಲೋಗ್ರಾಂ ಜಲಜನಕದಿಂದ ಕಾರೊಂದು ಸುಮಾರು ೧೦೦ ಕಿಲೋಮೀಟರ್ ಸಾಗಬಲ್ಲುದು. ತೂಕದಲ್ಲಿ ಇಷ್ಟು ಉದಾರವಾದ ಈ ಅನಿಲ ಗಾತ್ರದಲ್ಲಿ ಮಾತ್ರ ಬಹಳ ಹಠಮಾರಿ. ಸಾಧಾರಣ ಒತ್ತಡದಲ್ಲಿ ಒಂದು ಕಿಲೋಗ್ರಾಂ ಜಲಜನಕಕ್ಕೆ ೧೧ ಘನಮೀಟರಿಗೂ ಹೆಚ್ಚು ಜಾಗ ಬೇಕು. ಒಂದು ಸಣ್ಣ ಕೋಣೆಯೇ ಬೇಕೆಂದರೂ ಸರಿ. ಅದನ್ನು ದ್ರವವಾಗಿಸಬೇಕಾದರೆ ಸೊನ್ನೆಗಿಂತ ೨೫೩ ಡಿಗ್ರಿ ಕೆಳಗಿನ ಶೈತ್ಯ ಬೇಕು. ಒತ್ತಿ ತುಂಬಬೇಕಾದರೆ ವಾಯುಮಂಡಲದ ಒತ್ತಡದ ೭೦೦ ಪಟ್ಟನ್ನು ತಾಳಿಕೊಳ್ಳುವ ಸಿಲಿಂಡರು ಬೇಕು. ೨೦೧೪ರಲ್ಲಿ ಜಪಾನಿನ ಟೊಯೊಟಾ ಸಂಸ್ಥೆ ಮಾರುಕಟ್ಟೆಗೆ ತಂದ ಮಿರಾಯ್ ಕಾರು ಈ ಕೊನೆಯ ಮಾರ್ಗವನ್ನು ಹಿಡಿಯಿತು. ಈ ಅತಿಶೈತ್ಯ, ಅತಿಯೊತ್ತಡಗಳೆರಡನ್ನೂ ತಪ್ಪಿಸುವ ಮೂರನೆಯ ದಾರಿಯೇ ಲೋಹದ ದಾರಿ.

ಈ ದಾರಿ ಹೊಸದಲ್ಲ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ ೧೮೬೬ರಲ್ಲಿಯೇ ಪೆಲಾಡಿಯಂ ಲೋಹವು ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರಿಕೊಳ್ಳುತ್ತದೆಂದು ತೋರಿಸಿದ್ದನು. ಆದರೆ ಪೆಲಾಡಿಯಂ ಚಿನ್ನದ ಸಾಲಿನಲ್ಲಿ ಕೂರುವ ಲೋಹ. ಗಾಡಿಯ ಟ್ಯಾಂಕಿಗೆ ಒಗ್ಗುವುದಲ್ಲ. ಅದಾಗಿ ನೂರು ವರುಷಗಳ ತರುವಾಯ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೈಲಿ ಮತ್ತು ವಿಸ್ವಾಲ್ ಎಂಬ ವಿಜ್ಞಾನಿಗಳು ೧೯೬೮ರಲ್ಲಿ ಮೆಗ್ನೀಸಿಯಂ-ನಿಕ್ಕಲ್ ಮಿಶ್ರಲೋಹವನ್ನೂ ೧೯೭೪ರಲ್ಲಿ ಕಬ್ಬಿಣ-ಟೈಟೇನಿಯಂ ಮಿಶ್ರಲೋಹವನ್ನೂ ಈ ಕೆಲಸಕ್ಕೆ ಒದಗಿಸಿ ವರದಿ ಮಾಡಿದರು. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದವರು ೧೯೭೦ರ ಸುಮಾರಿಗೆ ಲ್ಯಾಂಥನಂ-ನಿಕ್ಕಲ್ ಮಿಶ್ರಲೋಹದ ಗುಣವನ್ನು ಬೆಳಕಿಗೆ ತಂದರು. ಇವುಗಳಲ್ಲಿ ಜಲಜನಕದ ಪರಮಾಣುಗಳು ಲೋಹದ ಪರಮಾಣುಗಳ ನಡುವಣ ಸಂದುಗಳಲ್ಲಿ ಹೋಗಿ ನೆಲಸುತ್ತವೆ. ಹೀಗೆ ಉಂಟಾದ ಸಂಯುಕ್ತವನ್ನು ಹೈಡ್ರೈಡ್ ಎನ್ನುತ್ತಾರೆ. ತುಂಬುವಾಗ ಅದು ಬಿಸಿಯನ್ನು ಹೊರಗೆಡಹುತ್ತದೆ. ಮರಳಿ ಬಿಸಿಯನ್ನೂಡಿದರೆ ಜಲಜನಕವನ್ನು ಬಿಟ್ಟುಕೊಡುತ್ತದೆ. ಸುಗ್ಗಿಯಲ್ಲಿ ತುಂಬಿ, ಬೇಕಾದಾಗ ತೆಗೆದುಕೊಳ್ಳುವ ಕಣಜದಂತೆ ಇಲ್ಲಿ ಲೋಹ ವರ್ತಿಸುತ್ತದೆ. ಕಣಜ ಸವೆಯುವುದಿಲ್ಲವೆಂದಲ್ಲ, ಆದರೆ ಅದು ಸಾವಿರಾರು ಸಲ ತುಂಬಿ ಬರಿದಾಗಬಲ್ಲುದು.

ಈ ವ್ಯವಸ್ಥೆಗೆ ಒಂದು ದೊಡ್ಡ ಸದ್ಗುಣವುಂಟು. ಜಲಜನಕ ಹೊರಬರಲು ಬಿಸಿ ಬೇಕಾದುದರಿಂದ, ಪಾತ್ರೆ ಒಡೆದರೂ ಅದು ಒಮ್ಮೆಲೇ ಭುಗಿಲೆದ್ದು ಹೊರನುಗ್ಗುವುದಿಲ್ಲ. ಹೊರಬರುತ್ತಿರುವಂತೆಯೇ ಲೋಹ ತಣ್ಣಗಾಗಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಸಾಮಾನ್ಯವಾದ ಗುಣವಲ್ಲ. ಇಂತಹ ಭರವಸೆಯಿಂದಲೇ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯವರು ೧೯೮೪ರಿಂದ ೧೯೮೮ರವರೆಗೆ ಆಗಿನ ಪಶ್ಚಿಮ ಬರ್ಲಿನ್ ನಗರದಲ್ಲಿ ಹೈಡ್ರೈಡ್ ಪಾತ್ರೆಗಳನ್ನು ಹೊತ್ತ ಹತ್ತು ವಾಹನಗಳನ್ನು ಪ್ರಯೋಗಾರ್ಥವಾಗಿ ಓಡಿಸಿದರು. ೧೯೯೧ರಲ್ಲಿ ಮಾಜ್ದಾ ಸಂಸ್ಥೆ, ೧೯೯೬ರಲ್ಲಿ ಟೊಯೊಟಾ ಸಂಸ್ಥೆ ಇಂತಹ ಪಾತ್ರೆಯುಳ್ಳ ಮಾದರಿಗಳನ್ನು ನಿರ್ಮಿಸಿ ತೋರಿಸಿದವು. ನಮ್ಮ ದೇಶದಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಓ. ಎನ್. ಶ್ರೀವಾಸ್ತವ ಅವರು ತಮ್ಮ ಸಹೋದ್ಯೋಗಿಗಳೊಡಗೂಡಿ ಹೈಡ್ರೈಡಿನಿಂದ ಜಲಜನಕ ಪಡೆಯುವ ಮೋಟಾರ್ ಸೈಕಲ್ಲುಗಳನ್ನೂ ಮೂರು ಗಾಲಿಯ ವಾಹನಗಳನ್ನೂ ಓಡಿಸಿ ತೋರಿಸಿದರು. ೨೦೧೬ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಅವರು ೨೦೨೧ರಲ್ಲಿ ನಿಧನ ಹೊಂದಿದರು. ವಿದೇಶದ ಯಂತ್ರವನ್ನು ಕೊಂಡುತಂದು ಮೆರೆಯದೆ, ನಮ್ಮ ಬೀದಿಗಳಲ್ಲಿ ಓಡುವ ಗಾಡಿಗೇ ವಿಜ್ಞಾನವನ್ನು ಹೊಂದಿಸಹೊರಟ ಅವರ ಸಾಧನೆ ಸ್ಮರಣೀಯವಾದುದು.

ಹಾಗಿದ್ದರೂ ಇಂದು ಮಾರಾಟಕ್ಕಿರುವ ಜಲಜನಕದ ಕಾರುಗಳು ಹೈಡ್ರೈಡನ್ನು ಹೊತ್ತು ಓಡುತ್ತಿಲ್ಲವೇಕೆ? ಉತ್ತರ ತಕ್ಕಡಿಯಲ್ಲಿದೆ. ಕಬ್ಬಿಣ-ಟೈಟೇನಿಯಂ ಮಿಶ್ರಲೋಹ ತನ್ನ ತೂಕದ ನೂರಕ್ಕೆ ಸುಮಾರು ೧.೮ ಭಾಗ ಮಾತ್ರ ಜಲಜನಕವನ್ನು ಹಿಡಿಯುತ್ತದೆ. ೫೦೦ ಕಿಲೋಮೀಟರ್ ಪಯಣಕ್ಕೆ ೫ ಕಿಲೋಗ್ರಾಂ ಜಲಜನಕ ಬೇಕೆಂದರೆ ಲೋಹವೊಂದೇ ಸುಮಾರು ೨೮೦ ಕಿಲೋಗ್ರಾಂ ತೂಗುತ್ತದೆ. ಅದೇ ಪಯಣಕ್ಕೆ ಪೆಟ್ರೋಲ್ ಕಾರಿಗೆ ಬೇಕಾದುದು ಸುಮಾರು ೩೦ ಲೀಟರ್, ಅರ್ಥಾತ್ ೨೨ ಕಿಲೋಗ್ರಾಂ ಇಂಧನ. ಇನ್ನು ತುಂಬುವಾಗ ಹೊರಬೀಳುವ ಬಿಸಿಯನ್ನು ಲೆಕ್ಕಿಸಿದರೆ, ೫ ಕಿಲೋಗ್ರಾಂ ಜಲಜನಕವನ್ನು ಐದು ನಿಮಿಷದಲ್ಲಿ ತುಂಬಬೇಕಾದಲ್ಲಿ ೨೦೦ ಕಿಲೋವಾಟಿಗೂ ಮಿಕ್ಕ ಉಷ್ಣವನ್ನು ಹೊರಸಾಗಿಸುವ ಏರ್ಪಾಡು ಬೇಕಾಗುತ್ತದೆ. ಮೆಗ್ನೀಸಿಯಂ ಹಗುರವಾದುದು, ಅದರ ಹೈಡ್ರೈಡಿನಲ್ಲಿ ನೂರಕ್ಕೆ ೭.೬ ಭಾಗ ಜಲಜನಕವಿದೆ. ಆದರೆ ಅದನ್ನು ಬಿಡಿಸಿಕೊಳ್ಳಲು ಸುಮಾರು ೩೦೦ ಡಿಗ್ರಿ ಉಷ್ಣತೆ ಬೇಕು. ಬಿಡಿಸುವುದಕ್ಕೇ ಆ ಜಲಜನಕದ ಶಕ್ತಿಯಲ್ಲಿ ಮೂರನೆಯ ಒಂದು ಭಾಗದಷ್ಟು ವೆಚ್ಚವಾಗುತ್ತದೆ. ಹೀಗೆ ಸುಲಭವಾಗಿ ಬಿಟ್ಟುಕೊಡುವ ಲೋಹ ಭಾರವಾಯಿತು, ಹಗುರವಾದ ಲೋಹ ಬಿಟ್ಟುಕೊಡದಾಯಿತು. ಟೊಯೊಟಾ ಸಂಸ್ಥೆಯೇ ಕಡೆಗೆ ಹೈಡ್ರೈಡನ್ನು ಕೈಬಿಟ್ಟು ಒತ್ತಡದ ಸಿಲಿಂಡರುಗಳತ್ತ ಹೊರಳಿತು.

ಇದನ್ನು ಸೋಲೆಂದು ಮಾತ್ರ ಬಗೆಯುವುದು ತರವಲ್ಲ. ಭಾರವೇ ಬೇಕಾಗಿರುವ ಕಡೆ ಈ ಪಾತ್ರೆ ಗೆದ್ದಿದೆ. ೨೦೦೫ರಿಂದ ಸೇವೆಗೆ ಸೇರಿದ ಜರ್ಮನಿಯ ೨೧೨-ಎ ವರ್ಗದ ಜಲಾಂತರ್ಗಾಮಿ ನೌಕೆಗಳು ತಮ್ಮ ಇಂಧನ ಕೋಶಗಳಿಗೆ ಬೇಕಾದ ಜಲಜನಕವನ್ನು ಹೈಡ್ರೈಡ್ ಸಿಲಿಂಡರುಗಳಲ್ಲಿಯೇ ಹೊತ್ತೊಯ್ಯುತ್ತವೆ. ಮುಳುಗಬೇಕಾದ ನೌಕೆಗೆ ಲೋಹದ ಭಾರ ಹೊರೆಯಲ್ಲ. ಮತ್ತೊಂದು ಗೆಲುವು ಬಹುಮಂದಿಗೆ ತಿಳಿಯದಂತೆ ನಮ್ಮ ನಡುವೆಯೇ ಬಂದುಹೋಯಿತು. ಲ್ಯಾಂಥನಂ-ನಿಕ್ಕಲ್ ಮಿಶ್ರಲೋಹದ ವಂಶದಲ್ಲಿ ಹುಟ್ಟಿದ ನಿಕ್ಕಲ್-ಹೈಡ್ರೈಡ್ ಬ್ಯಾಟರಿಯ ಋಣಧ್ರುವದಲ್ಲಿ ಜಲಜನಕವನ್ನು ಹಿಡಿದು ಬಿಡುವುದು ಲೋಹವೇ. ೧೯೯೭ರಲ್ಲಿ ಜಪಾನಿನಲ್ಲಿ ಹೊರಬಂದ ಟೊಯೊಟಾ ಪ್ರಿಯಸ್ ಕಾರು ಈ ಬ್ಯಾಟರಿಯನ್ನು ಹೊತ್ತಿತ್ತು. ಇಂಧನದ ಟ್ಯಾಂಕಾಗಿ ನಿಲ್ಲಲಾರದ ಹೈಡ್ರೈಡ್, ಬ್ಯಾಟರಿಯ ರೂಪದಲ್ಲಿ ಲಕ್ಷಾಂತರ ವಾಹನಗಳನ್ನೇರಿತು. ವಿಜ್ಞಾನದಲ್ಲಿ ಪಟ್ಟ ಶ್ರಮ ಎಣಿಸಿದ ಬಾಗಿಲಿನಿಂದಲೇ ಫಲವಾಗಿ ಬರಬೇಕೆಂಬ ನಿಯಮವಿಲ್ಲ.

ಇದುವರೆಗೆ ಹೇಳಿದುದು ಲೋಹ ಪಾತ್ರೆಯಾಗುವ ಬಗೆ. ಇನ್ನು ಲೋಹವೇ ಇಂಧನವಾಗುವ ಬಗೆಯನ್ನು ನೋಡಬೇಕು. ಪತ್ರಿಕೆಗಳ ತಲೆಬರಹಗಳಲ್ಲಿ ಹೆಚ್ಚಾಗಿ ಮೆರೆಯುವುದು ಇದೇ. ಅಲ್ಯುಮಿನಿಯಂ ಲೋಹಕ್ಕೆ ಆಮ್ಲಜನಕದ ಮೇಲೆ ಬಲವಾದ ಒಲವು. ಅದು ನೀರಿನಿಂದ ಆಮ್ಲಜನಕವನ್ನು ಕಸಿದುಕೊಂಡು ಜಲಜನಕವನ್ನು ಹೊರದೂಡಬಲ್ಲುದು. ದಿನನಿತ್ಯ ನಮ್ಮ ಅಡಿಗೆಯ ಪಾತ್ರೆಗಳಲ್ಲಿ ಹಾಗಾಗದಿರುವುದಕ್ಕೆ ಲೋಹದ ಮೈಮೇಲೆ ಹರಡಿರುವ ಆಕ್ಸೈಡಿನ ತೆಳುಪೊರೆಯೇ ಕಾರಣ. ಆ ಪೊರೆಯನ್ನು ಕಾಸ್ಟಿಕ್ ಸೋಡದಿಂದ ಕರಗಿಸಬಹುದು. ಇಲ್ಲವೇ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಜೆರ್ರಿ ವುಡಾಲ್ ಅವರು ೨೦೦೭ರಲ್ಲಿ ಪ್ರಕಟಪಡಿಸಿದಂತೆ ಗ್ಯಾಲಿಯಂ ಲೋಹವನ್ನು ಬೆರೆಸಿ ಅದು ಕೂಡದಂತೆ ಮಾಡಬಹುದು. ಆಗ ೯ ಕಿಲೋಗ್ರಾಂ ಅಲ್ಯುಮಿನಿಯಂ ೧೮ ಕಿಲೋಗ್ರಾಂ ನೀರಿನೊಡನೆ ವರ್ತಿಸಿ ೧ ಕಿಲೋಗ್ರಾಂ ಜಲಜನಕವನ್ನು ಕೊಡುತ್ತದೆ. ಉಳಿಯುವುದು ೨೬ ಕಿಲೋಗ್ರಾಂ ಅಲ್ಯುಮಿನಿಯಂ ಹೈಡ್ರಾಕ್ಸೈಡೆಂಬ ಬಿಳಿಯ ಪುಡಿ. ರಸಾಯನಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಯಾವ ಮೋಸವೂ ಇಲ್ಲ. ಜಲಜನಕ ಬರುತ್ತದೆ, ಗಾಡಿ ಓಡುತ್ತದೆ. ನೋಡಿದವರು ಬೆರಗಾಗುತ್ತಾರೆ.

ಆದರೆ ಬೆರಗು ಇಳಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದಿದೆ: ಅಲ್ಯುಮಿನಿಯಂ ಎಲ್ಲಿಂದ ಬಂತು? ಅದು ಲೋಹರೂಪದಲ್ಲಿ ನೆಲದಲ್ಲಿ ದೊರೆಯುವುದಿಲ್ಲ. ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ, ಅಲ್ಯುಮಿನಾದಿಂದ ಲೋಹ, ಹೀಗೆ ಅದನ್ನು ತಯಾರಿಸಬೇಕು. ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ೧೮೮೬ರಲ್ಲಿ ಒಬ್ಬರಿಗೊಬ್ಬರು ಅರಿಯದೆ ಕಂಡುಹಿಡಿದ ವಿದ್ಯುದ್ವಿಭಜನೆಯ ವಿಧಾನವೇ ಇಂದಿಗೂ ನಡೆದಿದೆ. ಒಂದು ಕಿಲೋಗ್ರಾಂ ಲೋಹಕ್ಕೆ ಸುಮಾರು ೧೪ ಯೂನಿಟ್ ವಿದ್ಯುತ್ತು ಬೇಕು. ಹಾಗಾದರೆ ೯ ಕಿಲೋಗ್ರಾಮಿಗೆ ೧೨೬ ಯೂನಿಟ್. ಅದರಿಂದ ಬಂದ ಜಲಜನಕದಲ್ಲಿರುವುದು ೩೩ ಯೂನಿಟ್. ಇಂಧನ ಕೋಶವನ್ನು ದಾಟಿ ಗಾಲಿಗೆ ತಲಪುವುದು ಅದರ ಅರ್ಧದಷ್ಟು. ಲೋಹದಲ್ಲಿ ಅಡಗಿದ್ದ ಶಕ್ತಿಯ ಸರಿಸುಮಾರು ಅರ್ಧಭಾಗ ನೀರಿನೊಡನೆ ಕೂಡುವಾಗಲೇ ಬಿಸಿಯಾಗಿ ಹಾರಿಹೋಗುತ್ತದೆ. ಅದೇ ನೂರು ಕಿಲೋಮೀಟರ್ ದೂರವನ್ನು ಸಾಧಾರಣ ಬ್ಯಾಟರಿ ಕಾರು ೧೫ರಿಂದ ೧೮ ಯೂನಿಟ್‌ಗಳಲ್ಲಿ ಕ್ರಮಿಸುತ್ತದೆ. ನೀರನ್ನು ನೇರವಾಗಿ ವಿದ್ಯುತ್ತಿನಿಂದ ವಿಭಜಿಸಿ ಜಲಜನಕ ಪಡೆದು, ಒತ್ತಿ ತುಂಬಿ ಓಡಿಸಿದರೆ ೫೫ರಿಂದ ೬೦ ಯೂನಿಟ್ ಸಾಕು. ಅಂದಮೇಲೆ ಅಲ್ಯುಮಿನಿಯಂ ಮಾರ್ಗದಲ್ಲಿ ಬ್ಯಾಟರಿ ಮಾರ್ಗಕ್ಕಿಂತ ಏಳೆಂಟು ಪಟ್ಟು ವಿದ್ಯುತ್ತು ವ್ಯಯವಾಗುತ್ತದೆ. ನೀರು ಇಂಧನವಾಗಲಿಲ್ಲ, ಕಾರ್ಖಾನೆಯಲ್ಲಿ ಎಂದೋ ಸುರಿದ ವಿದ್ಯುತ್ತು ಲೋಹದ ವೇಷದಲ್ಲಿ ಬಂದು ತೀರಿಹೋಯಿತು, ಅಷ್ಟೆ.

ಈ ಲೆಕ್ಕ ನಮ್ಮ ದೇಶದ ಮಟ್ಟಿಗೆ ಇನ್ನಷ್ಟು ಗಂಭೀರವಾಗುತ್ತದೆ. ನಮ್ಮ ರಾಜ್ಯದ ಬೆಳಗಾವಿಯಲ್ಲಿ ಬಾಕ್ಸೈಟಿನಿಂದ ಅಲ್ಯುಮಿನಾ ತಯಾರಿಸುವ ಕಾರ್ಖಾನೆಯಿದೆ. ಅಲ್ಯುಮಿನಾವನ್ನು ಲೋಹವಾಗಿಸುವ ದೊಡ್ಡ ಕುಲುಮೆಗಳು ಇರುವುದು ಉತ್ತರಪ್ರದೇಶದ ರೇಣುಕೂಟ, ಒಡಿಶಾದ ಅಂಗುಲ್ ಮೊದಲಾದೆಡೆಗಳಲ್ಲಿ. ಅವುಗಳಿಗೆ ವಿದ್ಯುತ್ತು ಒದಗುವುದು ಮುಖ್ಯವಾಗಿ ಕಲ್ಲಿದ್ದಲಿನಿಂದ. ಕಲ್ಲಿದ್ದಲಿನಿಂದ ಪಡೆದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಕಾಶವನ್ನು ಸೇರುತ್ತದೆ. ಆದ್ದರಿಂದ ಇಂತಹ ಲೋಹದ ೯ ಕಿಲೋಗ್ರಾಮಿನ ಹಿಂದೆ ೧೨೦ ಕಿಲೋಗ್ರಾಮಿಗೂ ಮಿಕ್ಕ ಇಂಗಾಲದ ಹೊರೆಯಿದೆ. ೬ ಲೀಟರ್ ಪೆಟ್ರೋಲ್ ಸುಟ್ಟು ಅದೇ ೧೦೦ ಕಿಲೋಮೀಟರ್ ಸಾಗುವ ಸಾಮಾನ್ಯ ಕಾರು ಉಗುಳುವುದು ಸುಮಾರು ೧೪ ಕಿಲೋಗ್ರಾಂ. ನೀರಾವಿಯನ್ನು ಮಾತ್ರ ಬಿಡುವ ನಿರ್ಮಲ ವಾಹನವೆಂದು ನಗರದ ಬೀದಿಯಲ್ಲಿ ಹೊಗಳಿಸಿಕೊಂಡ ಗಾಡಿಯ ಹೊಗೆ ದೂರದ ಅಂಗುಲ್‌ನ ಚಿಮಣಿಯಲ್ಲಿ ಎದ್ದಿರುತ್ತದೆ. ಕಣ್ಣಿಗೆ ಕಾಣದ ಹೊಗೆಗೆ ಉಸಿರು ಕೊಡುವವರು ಬೇರೆಯವರು. ಈ ಅನ್ಯಾಯವನ್ನು ವಿಜ್ಞಾನದ ಹೆಸರಿನಲ್ಲಿ ನಾವು ಒಪ್ಪಿಕೊಳ್ಳಬೇಕೆ?

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ಹೊಸ ಲೋಹ ಬೇಡ, ಗುಜರಿಯಲ್ಲಿ ಬಿದ್ದ ಹಳೆಯ ಪಾತ್ರೆ, ಡಬ್ಬಿ, ತಗಡುಗಳನ್ನೇ ಬಳಸಿದರಾಗದೆ ಎಂದು ಅವರು ಕೇಳಬಹುದು. ಕೇಳುವುದಕ್ಕೆ ಇದು ಹಿತವಾಗಿದೆ. ಆದರೆ ಗುಜರಿಯ ಅಲ್ಯುಮಿನಿಯಂ ಕಸವಲ್ಲ. ಅದನ್ನು ಕರಗಿಸಿ ಮತ್ತೆ ಲೋಹವಾಗಿ ಬಳಸಲು ಹೊಸ ಲೋಹಕ್ಕೆ ಬೇಕಾದ ಶಕ್ತಿಯ ನೂರಕ್ಕೆ ಸುಮಾರು ೫ ಭಾಗ ಸಾಕು. ಅಂತಹ ಲೋಹವನ್ನು ನೀರಿಗೆ ಹಾಕಿ ಪುಡಿಮಾಡಿದರೆ, ಅದರ ಸ್ಥಾನವನ್ನು ತುಂಬಲು ಮತ್ತೊಂದು ಕಡೆ ಅದಿರಿನಿಂದ ಹೊಸ ಲೋಹವನ್ನು ತೆಗೆಯಲೇಬೇಕಾಗುತ್ತದೆ. ಬಿತ್ತನೆಗೆಂದು ಇಟ್ಟ ಬೀಜವನ್ನು ಬೇಯಿಸಿ ಉಂಡವನು ಆ ಹೊತ್ತಿಗೆ ಹಸಿವೆಯನ್ನು ಕಳೆದುಕೊಳ್ಳುತ್ತಾನೆಂಬುದು ದಿಟ. ಆದರೆ ಅದನ್ನು ಪುಕ್ಕಟೆಯ ಊಟವೆಂದು ಯಾವ ರೈತನೂ ಹೇಳಲಾರ.

ಇನ್ನೊಂದು ತೊಡಕು ಉಳಿಕೆಯದು. ಪೆಟ್ರೋಲ್ ಉರಿದು ಗಾಳಿಯಾಗಿ ಹೋಗುತ್ತದೆ. ಅದು ಪರಿಸರಕ್ಕೆ ಕೆಡುಕೇ ಆದರೂ ಗಾಡಿಗೆ ಹಗುರ. ಲೋಹದ ಇಂಧನವಾದರೋ ಉಳಿದೇ ಉಳಿಯುತ್ತದೆ, ಅದೂ ನೀರನ್ನು ಹೀರಿ ಮೊದಲಿಗಿಂತ ಭಾರವಾಗಿ. ೫೦೦ ಕಿಲೋಮೀಟರ್ ಪಯಣ ಮುಗಿಸಿದ ಕಾರಿನಲ್ಲಿ ೪೫ ಕಿಲೋಗ್ರಾಂ ಅಲ್ಯುಮಿನಿಯಂ ೧೩೦ ಕಿಲೋಗ್ರಾಂ ಹೈಡ್ರಾಕ್ಸೈಡ್ ಆಗಿ ಕುಳಿತಿರುತ್ತದೆ. ಅದನ್ನು ಯಾರು ಇಳಿಸಿಕೊಳ್ಳಬೇಕು, ಯಾರು ಒಣಗಿಸಬೇಕು, ಯಾವ ಲಾರಿಯಲ್ಲಿ ಕುಲುಮೆಗೆ ಮರಳಿಸಬೇಕು, ಅದರ ಖರ್ಚನ್ನು ಯಾರು ತೆರಬೇಕು? ಇವು ಕ್ಷುಲ್ಲಕ ಪ್ರಶ್ನೆಗಳಲ್ಲ. ಇವೇ ಪ್ರಶ್ನೆಗಳು ಅಮೆರಿಕದಲ್ಲಿ ಒಂದು ದೊಡ್ಡ ಪ್ರಯತ್ನವನ್ನು ನಿಲ್ಲಿಸಿದವು. ೨೦೦೧ರಲ್ಲಿ ಕ್ರೈಸ್ಲರ್ ಸಂಸ್ಥೆಯವರು ನೇಟ್ರಿಯಂ ಎಂಬ ಹೆಸರಿನ ಮಾದರಿ ವಾಹನವನ್ನು ಪ್ರದರ್ಶಿಸಿದರು. ಅದರ ಇಂಧನ ಸೋಡಿಯಂ ಬೋರೋಹೈಡ್ರೈಡ್ ದ್ರಾವಣ. ವಾಹನ ಚೆನ್ನಾಗಿಯೇ ಓಡಿತು. ಆದರೆ ಬಳಸಿ ಉಳಿದ ಬೋರೇಟನ್ನು ಮತ್ತೆ ಇಂಧನವಾಗಿಸುವ ಕ್ರಮ ದುಬಾರಿಯೂ ಶಕ್ತಿಭಕ್ಷಕವೂ ಆಗಿದ್ದುದರಿಂದ, ವಾಹನಗಳಿಗಾಗಿ ಈ ಮಾರ್ಗವನ್ನು ಮುಂದುವರಿಸಬಾರದೆಂದು ೨೦೦೭ರಲ್ಲಿ ಆ ದೇಶದ ಇಂಧನ ಇಲಾಖೆಗೆ ಶಿಫಾರಸು ಬಂದಿತು. ಹೋಗುವ ದಾರಿ ಸುಗಮವಾಗಿತ್ತು. ಮರಳುವ ದಾರಿ ಇರಲಿಲ್ಲ.

ಹಾಗೆಂದು ಈಚಿನ ಸಂಶೋಧನೆಗಳನ್ನು ಹಗುರವಾಗಿ ಕಾಣಬಾರದು. ಜರ್ಮನಿಯ ಡ್ರೆಸ್ಡೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ೨೦೨೧ರಲ್ಲಿ ಪವರ್‌ಪೇಸ್ಟ್ ಎಂಬ ಬೂದುಬಣ್ಣದ ಲೇಹ್ಯವನ್ನು ಪ್ರಕಟಪಡಿಸಿದರು. ಮೆಗ್ನೀಸಿಯಂ ಹೈಡ್ರೈಡಿಗೆ ಎಸ್ಟರ್ ಮತ್ತು ಲೋಹಲವಣವನ್ನು ಬೆರೆಸಿ ಅದನ್ನು ತಯಾರಿಸುತ್ತಾರೆ. ಕೊಳವೆಯಿಂದ ಒತ್ತಿ ನೀರಿಗೆ ಬಿಟ್ಟರೆ ಜಲಜನಕ ಹೊರಡುತ್ತದೆ. ಹೊರಡುವ ಜಲಜನಕದ ಅರ್ಧಭಾಗ ಲೇಹ್ಯದಿಂದ, ಇನ್ನರ್ಧ ನೀರಿನಿಂದಲೇ ಬರುತ್ತದೆ. ಸುಮಾರು ೨೫೦ ಡಿಗ್ರಿಯವರೆಗೆ ಅದು ಕೆಡುವುದಿಲ್ಲ. ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿಯೂ ಭಯವಿಲ್ಲ. ದೊಡ್ಡ ಸಿಲಿಂಡರುಗಳಿಗೆ ಜಾಗವಿಲ್ಲದ ಸ್ಕೂಟರಿನಂತಹ ಸಣ್ಣ ವಾಹನಗಳನ್ನು ಅವರು ಗುರಿಯಾಗಿಟ್ಟುಕೊಂಡಿದ್ದಾರೆ. ಜಾಣ್ಮೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿಯೂ ಒಂದು ಕಿಲೋಗ್ರಾಂ ಜಲಜನಕಕ್ಕೆ ಆರು ಕಿಲೋಗ್ರಾಂ ಮೆಗ್ನೀಸಿಯಂ ಲೋಹ ಸಲ್ಲಬೇಕು. ಉಳಿಯುವುದು ಸುಮಾರು ೧೪.೫ ಕಿಲೋಗ್ರಾಂ ಹೈಡ್ರಾಕ್ಸೈಡ್. ಲೋಕದ ಮೆಗ್ನೀಸಿಯಮಿನ ಬಹುಪಾಲು ಚೀನಾದೇಶದಿಂದ ಬರುತ್ತದೆ. ಅಲ್ಲಿ ಸುಟ್ಟ ಡಾಲೊಮೈಟ್ ಕಲ್ಲನ್ನು ಫೆರ್ರೋಸಿಲಿಕಾನಿನೊಡನೆ ಸುಮಾರು ೧೨೦೦ ಡಿಗ್ರಿಯಲ್ಲಿ ಕಾಯಿಸಿ ಲೋಹವನ್ನು ಪಡೆಯುತ್ತಾರೆ. ಆ ಕಾವು ಬಹುಮಟ್ಟಿಗೆ ಕಲ್ಲಿದ್ದಲಿನದು. ಪೆಟ್ರೋಲಿಗಾಗಿ ಪರದೇಶವನ್ನು ಅವಲಂಬಿಸಿದ ನಾವು ಲೋಹಕ್ಕಾಗಿ ಇನ್ನೊಂದು ಪರದೇಶವನ್ನು ಅವಲಂಬಿಸಿದರೆ ಅದನ್ನು ಸ್ವಾವಲಂಬನೆಯೆನ್ನಲು ಬಾರದು.

ಹಾಗಾದರೆ ಲೋಹದ ಇಂಧನಕ್ಕೆ ಎಲ್ಲಿಯೂ ಎಡೆಯಿಲ್ಲವೆ? ಇದೆ. ಲೋಹ ಸೋರುವುದಿಲ್ಲ, ಆರುವುದಿಲ್ಲ. ವರುಷಗಟ್ಟಲೆ ಮೂಲೆಯಲ್ಲಿಟ್ಟರೂ ಹುದುಗಿದ ಶಕ್ತಿ ಹಾಗೆಯೇ ಇರುತ್ತದೆ. ತುರ್ತುಪರಿಸ್ಥಿತಿಯಲ್ಲಿ ದೀಪ ಉರಿಸಬೇಕಾದ ಆಸ್ಪತ್ರೆ, ತಂತಿ ತಲಪದ ಎತ್ತರದ ಕಾವಲುಠಾಣೆ, ಸಮುದ್ರದ ನಡುವಣ ತೇಲುಯಂತ್ರ ಇಂತಹ ಕಡೆ ಅದು ಯೋಗ್ಯವಾದ ಸೇವಕನಾಗಬಲ್ಲುದು. ಅಲ್ಲಿ ಯೂನಿಟ್ಟಿನ ಬೆಲೆಗಿಂತ ಅದು ದೊರೆಯುವ ಭರವಸೆಯೇ ದೊಡ್ಡದು. ಬಿಸಿಲು ಗಾಳಿಗಳ ವಿದ್ಯುತ್ತು ಬಳಸಿ ಮಿಕ್ಕುವಷ್ಟು ಹೇರಳವಾದ ನಾಡಿನಲ್ಲಿ, ಆ ಮಿಗುತಾಯವನ್ನು ಲೋಹದಲ್ಲಿ ಕೂಡಿಟ್ಟು ಇಲ್ಲದ ನಾಡಿಗೆ ಹಡಗಿನಲ್ಲಿ ಸಾಗಿಸಬಹುದೆಂಬ ವಾದದಲ್ಲಿಯೂ ಹುರುಳಿದೆ. ಆದರೆ ಆ ವಾದ ನಿಲ್ಲಬೇಕಾದರೆ ಎರಡು ಷರತ್ತುಗಳು ಮೊದಲು ಪೂರೈಸಬೇಕು: ಲೋಹವನ್ನು ತಯಾರಿಸುವ ವಿದ್ಯುತ್ತು ಕಲ್ಲಿದ್ದಲಿನದಾಗಿರಬಾರದು, ಬಳಸಿದ ಪುಡಿ ತಪ್ಪದೆ ಕುಲುಮೆಗೆ ಹಿಂದಿರುಗಬೇಕು. ಇವೆರಡೂ ಇಲ್ಲದೆ ಕಾರುಗಳಿಗೆ ಲೋಹವನ್ನು ಉಣಿಸಹೊರಡುವುದು ಅಕಾಲಿಕವಾದ ಕಾರ್ಯ.

ಸಾರ್ವಜನಿಕ ಧನದ ವಿನಿಯೋಗಕ್ಕೂ ಈ ಮಾತು ಅನ್ವಯಿಸುತ್ತದೆ. ಕೇಂದ್ರ ಸರ್ಕಾರ ೨೦೨೩ರ ಜನವರಿಯಲ್ಲಿ ೧೯,೭೪೪ ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿತು. ೨೦೩೦ರ ಹೊತ್ತಿಗೆ ವರುಷಕ್ಕೆ ೫೦ ಲಕ್ಷ ಟನ್ ಜಲಜನಕವನ್ನು ಶುದ್ಧ ವಿದ್ಯುತ್ತಿನಿಂದ ಉತ್ಪಾದಿಸಬೇಕೆಂಬುದು ಅದರ ಗುರಿ. ಈ ಜಲಜನಕಕ್ಕಾಗಿ ಕಾದಿರುವ ಮೊದಲ ಹಸಿವು ವಾಹನಗಳದಲ್ಲ. ನಮ್ಮ ಹೊಲಗಳಿಗೆ ಬೇಕಾದ ಯೂರಿಯ ಗೊಬ್ಬರಕ್ಕೆ ಅಮೋನಿಯ, ಅಮೋನಿಯಕ್ಕೆ ಜಲಜನಕ. ಅದನ್ನು ಇಂದು ಮುಖ್ಯವಾಗಿ ನೈಸರ್ಗಿಕ ಅನಿಲದಿಂದ ಪಡೆಯಲಾಗುತ್ತಿದೆ. ತೈಲ ಶುದ್ಧೀಕರಣಾಗಾರಗಳಿಗೂ ಜಲಜನಕ ಬೇಕು. ನಾಳೆ ಉಕ್ಕಿನ ಕುಲುಮೆಗಳಿಗೂ ಬೇಕಾದೀತು. ಈ ಕೆಲಸಗಳನ್ನು ಬ್ಯಾಟರಿ ಮಾಡಲಾರದು. ಸಣ್ಣ ವಾಹನವನ್ನು ಓಡಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿದೆ. ಬೇರೆ ಗತಿಯಿಲ್ಲದವರಿಗೆ ಮೊದಲು ಬಡಿಸಿ, ಬೇರೆ ಗತಿಯುಳ್ಳವರಿಗೆ ಆಮೇಲೆ ಬಡಿಸುವುದು ಗೃಹಸ್ಥಧರ್ಮ. ರಾಷ್ಟ್ರದ ಶಕ್ತಿನೀತಿಯೂ ಹಾಗೆಯೇ ಇರಬೇಕೆಂದು ನನ್ನ ಮತ.

ಶಾಲೆಯ ಸಂಚಿಕೆಯಲ್ಲಿ ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ೧೯೯೬ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೆ ಎಂಬಾತ ಗಿಡಮೂಲಿಕೆಯಿಂದ ನೀರನ್ನು ಪೆಟ್ರೋಲಾಗಿಸುವೆನೆಂದು ಸಾರಿದಾಗ ದೇಶಕ್ಕೆ ದೇಶವೇ ಕಿವಿಗೊಟ್ಟಿತು. ೨೦೧೬ರಲ್ಲಿ ಚೆನ್ನೈನ ನ್ಯಾಯಾಲಯ ವಂಚನೆಯ ಅಪರಾಧಕ್ಕಾಗಿ ಆತನಿಗೆ ಮೂರು ವರುಷಗಳ ಶಿಕ್ಷೆ ವಿಧಿಸಿತು. ಲೋಹದಿಂದ ಜಲಜನಕ ಪಡೆಯುವ ವಿಜ್ಞಾನಿಗಳನ್ನು ಅಂತಹವರ ಸಾಲಿನಲ್ಲಿ ನಿಲ್ಲಿಸುವುದು ಮಹಾಪರಾಧವಾದೀತು. ಅವರದು ಸತ್ಯವಾದ ರಸಾಯನಶಾಸ್ತ್ರ. ಆದರೆ ಸತ್ಯ ಪ್ರಯೋಗವನ್ನೂ ಸುಳ್ಳು ಪ್ರದರ್ಶನವನ್ನೂ ಬೆರಗಿನಿಂದ ನೋಡುವ ಕಣ್ಣು ಬೇರೆ ಬೇರೆಯಾಗಿ ಗುರುತಿಸಲಾರದು. ಲೆಕ್ಕ ಕೇಳುವ ಕಣ್ಣು ಮಾತ್ರ ಗುರುತಿಸಬಲ್ಲುದು. ಆ ಕಣ್ಣನ್ನು ತೆರೆಸುವುದು ಅಧ್ಯಾಪಕರ ಕೆಲಸ.

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿಯೇ ಇದನ್ನು ಕಲಿಸಬಹುದು. ಒಂದು ಗ್ರಾಂ ಅಲ್ಯುಮಿನಿಯಂ ಹಾಳೆಯನ್ನು ತೂಗಿ, ಕಾಸ್ಟಿಕ್ ಸೋಡದ ದ್ರಾವಣಕ್ಕೆ ಹಾಕಿ, ಹೊರಬರುವ ಅನಿಲವನ್ನು ನೀರು ತುಂಬಿದ ಜಾಡಿಯಲ್ಲಿ ಸಂಗ್ರಹಿಸಿದರೆ ಒಂದೂಕಾಲು ಲೀಟರಿಗಿಂತ ತುಸು ಹೆಚ್ಚು ಜಲಜನಕ ದೊರೆಯುತ್ತದೆ. ಕಾಸ್ಟಿಕ್ ಸೋಡ ಕಣ್ಣನ್ನು ತಿನ್ನುವ ವಸ್ತು. ಜಲಜನಕ ಕಿಡಿಗೆ ಸಿಡಿಯುವ ಅನಿಲ. ಆದ್ದರಿಂದ ಇದನ್ನು ಅಧ್ಯಾಪಕರೇ ಕನ್ನಡಕ, ಕೈಗವಸು ಧರಿಸಿ, ಬೆಂಕಿಯಿಲ್ಲದ ಗಾಳಿಯಾಡುವ ಕೋಣೆಯಲ್ಲಿ ಮಾಡಿ ತೋರಿಸಬೇಕು. ತರುವಾಯ ಮಕ್ಕಳ ಕೈಯಲ್ಲಿ ಲೆಕ್ಕ ಮಾಡಿಸಬೇಕು: ಆ ಒಂದು ಗ್ರಾಂ ಲೋಹವನ್ನು ತಯಾರಿಸಲು ತಗುಲಿದ ವಿದ್ಯುತ್ತು ಸುಮಾರು ೧೪ ವಾಟ್-ಗಂಟೆ, ಜಾಡಿಯೊಳಗಿನ ಜಲಜನಕದಲ್ಲಿರುವುದು ೪ ವಾಟ್-ಗಂಟೆಗೂ ಕಡಮೆ. ಅನಿಲ ಗುಳುಗುಳಿಸುವುದನ್ನು ಕಂಡು ಚಪ್ಪಾಳೆ ತಟ್ಟಿದ ಹುಡುಗನೇ ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದಾಗ ಶಕ್ತಿಯ ನಿತ್ಯತ್ವದ ನಿಯಮ ಅವನಿಗೆ ಪುಸ್ತಕದ ಸಾಲಾಗಿ ಉಳಿಯುವುದಿಲ್ಲ. ವಿಜ್ಞಾನ ಪ್ರದರ್ಶನಗಳಲ್ಲಿ ನೀರಿನ ಕಾರಿನ ಮಾದರಿಯನ್ನು ತಂದ ವಿದ್ಯಾರ್ಥಿಗೆ ಬಹುಮಾನ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳೋಣ. ಲೋಹವನ್ನು ತಯಾರಿಸಿದ ಶಕ್ತಿ ಎಲ್ಲಿಯದು? ಗಾಲಿಗೆ ತಲಪಿದುದೆಷ್ಟು? ಉಳಿದ ಪುಡಿ ಎಲ್ಲಿಗೆ ಹೋಗುತ್ತದೆ? ಮೂರಕ್ಕೂ ಉತ್ತರಿಸಿದ ಮಗುವಿಗೆ, ಅದರ ಮಾದರಿ ಓಡದಿದ್ದರೂ, ಮೊದಲ ಬಹುಮಾನ ಸಲ್ಲಲಿ.

ದಾನಿಗಳಲ್ಲಿ ನನ್ನ ವಿಜ್ಞಾಪನೆಯೂ ಇದೇ. ಹೊಳೆಯುವ ಮಾದರಿಗಳಿಗಿಂತ ಒಂದು ಒಳ್ಳೆಯ ತಕ್ಕಡಿ, ಒಂದು ಅಳತೆಯ ಜಾಡಿ, ಒಂದು ವಿದ್ಯುತ್ ಮಾಪಕ ಶಾಲೆಗೆ ಹೆಚ್ಚು ಕಾಲ ಬಾಳುವ ಕೊಡುಗೆಗಳು. ಉದ್ಯಮದಲ್ಲಿರುವ ಹಳೆಯ ವಿದ್ಯಾರ್ಥಿಗಳು ಲೋಹ-ಜಲಜನಕದ ಯಾವುದೇ ಯೋಜನೆ ತಮ್ಮ ಮೇಜಿನ ಮೇಲೆ ಬಂದಾಗ ವಾಹನದ ಚಿತ್ರವನ್ನು ನೋಡುವ ಮೊದಲು, ಬಳಸಿದ ಲೋಹ ಮರಳಿ ಬರುವ ದಾರಿಯ ನಕ್ಷೆಯನ್ನು ಕೇಳಲಿ. ಆ ನಕ್ಷೆಯನ್ನು ಸಿದ್ಧಪಡಿಸಬಲ್ಲ ರಸಾಯನಶಾಸ್ತ್ರಜ್ಞ, ಕಲ್ಲಿದ್ದಲಿಲ್ಲದೆ ಲೋಹವನ್ನು ಕರಗಿಸಬಲ್ಲ ಯಂತ್ರಶಾಸ್ತ್ರಜ್ಞ ನಾಳೆ ನಮ್ಮ ತರಗತಿಗಳಿಂದಲೇ ಹೊರಬರಬಾರದೆಂದೇನೂ ಇಲ್ಲ. ಅಂತಹವನು ಬಂದ ದಿನ ಈ ಲೇಖನದ ಅಂಕಿಗಳು ಹಳತಾದರೆ ಅದಕ್ಕಿಂತ ಸಂತೋಷದ ಸಂಗತಿ ಬೇರೆಯಿಲ್ಲ. ಲೆಕ್ಕ ಕೇಳುವ ಪದ್ಧತಿ ಮಾತ್ರ ಹಳತಾಗದಿರಲಿ.